ಹತ್ತು ಗಂಟೆಗೆ, ನಲವತ್ತು ಅಡಿ

ನನ್ನ ಊರು ಲಂಡನ್. ನಗಬೇಡಿ.
ಲಗೂನಿನ ಆಚೆ ದಡದಲ್ಲಿ ಪ್ಯಾರಿಸ್ ಕೂಡ ಇತ್ತು,
ಈಗ ಅಲ್ಲಿ ಏಡಿಗಳದ್ದೇ ಸಂಸಾರ.
ಹೆಸರಿಟ್ಟವರು ತೆಂಗು ನೆಟ್ಟು ಹೋದರು,
ನಾವು ಉಳಿದೆವು, ಎರಡರ ಕೆಳಗೂ.

ವಾರಕ್ಕೊಂದು ವಿಮಾನ. ಅದರ ಹೊಟ್ಟೆಯಿಂದ
ಉದ್ದುದ್ದ ಕೊಳವೆಗಳಲ್ಲಿ ಗಾಳಗೋಲು ಹೊತ್ತು ಇಳಿಯುತ್ತಾರೆ,
ಕೆನ್ನೆಗೆ ಬಿಳಿ ಮುಲಾಮು ಬಳಿದುಕೊಂಡು.
ಈ ವಾರ ನನ್ನ ಪಾಲಿಗೆ ಬಂದವನು ಡೆಲ್ಬರ್ಟ್,
ಮನೆಗಳಿಗೆ ಹಂಚು ಹೊದಿಸುವ ವ್ಯಾಪಾರಿ.
ಎರಡು ಮಂಡಿಯೂ ಹೊಸವು, ಉಕ್ಕಿನವು ಎಂದ,
"ಉಪ್ಪುನೀರಿಗೆ ತುಕ್ಕು ಹಿಡಿದೀತೇ?" ಎಂದು ಕೇಳಿ
ತಾನೇ ನಕ್ಕ.

ಮೊಣಕಾಲುದ್ದ ನೀರು. ಕೆಳಗೆ ಬಿಳಿ ಮರಳು,
ಹಾಲು ಒಡೆದಂತೆ ಅಲ್ಲಲ್ಲಿ ಗಟ್ಟಿ, ಅಲ್ಲಲ್ಲಿ ಜಾರು.
ನಾನು ಮುಂದೆ, ಅರ್ಧ ಹೆಜ್ಜೆ ಎಡಕ್ಕೆ.
ಕಾಲು ಎತ್ತಬೇಡ, ತಳ್ಳು, ಎಂದು ಹೇಳಿಕೊಟ್ಟೆ,
ಮಗು ಮಲಗಿದ ಕೋಣೆಯಲ್ಲಿ ನಡೆದ ಹಾಗೆ.

ಇಕಾರಿ ಎಂಬ ಮೀನಿಗೆ ಬಣ್ಣವಿಲ್ಲ.
ಮೈಯೆಲ್ಲ ಕನ್ನಡಿ; ಮರಳ ಮೇಲೆ ಮರಳು, ಹಸಿರ ಮೇಲೆ ಹಸಿರು.
ಇದೆಯೆಂದು ಚಾಡಿ ಹೇಳುವುದು ಅದರ ನೆರಳು.
ನೆರಳೂ ಇಲ್ಲದಾಗ,
ತಪ್ಪು ದಿಕ್ಕಿಗೆ ನಡುಗಿದ ಒಂದು ಗೇಣು ನೀರು.
ಹದಿನಾರರಲ್ಲೇ ನನಗದು ಕಾಣುತ್ತಿತ್ತು.
ಬಂದವರಿಗೆ ಗಡಿಯಾರದ ಲೆಕ್ಕದಲ್ಲಿ ತೋರಿಸಬೇಕು:
ನಿನ್ನ ಮೂಗೇ ಹನ್ನೆರಡು, ಎಡಗೈ ಒಂಬತ್ತು,
"ಹತ್ತು ಗಂಟೆಗೆ, ನಲವತ್ತು ಅಡಿ. ಈಗ!"
ಕೈಗಡಿಯಾರ ನೋಡಿಕೊಂಡವರೂ ಇದ್ದಾರೆ.

ಅಮ್ಮ ಇದೇ ಮೀನನ್ನು ಬಲೆಯಲ್ಲಿ ಬಳಿದು ತರುತ್ತಿದ್ದಳು.
ಮುಳ್ಳು ಸಾವಿರ; ಬೆರಳಲ್ಲೇ ಬಿಡಿಸಿ ನಮ್ಮ ಬಾಯಿಗೆ.
ಈಗ ಇಲ್ಲಿ ಬಲೆ ಬೀಸುವಂತಿಲ್ಲ.
ಹಿಡಿಯಬೇಕು, ಫೋಟೋ ತೆಗೆಯಬೇಕು, ಬಿಡಬೇಕು.
"ಬಿಡುವುದಕ್ಕೆ ಹಿಡಿಯುವುದೇ?" ಕೇಳಿದ್ದಳು ಮೊದಲ ಸಲ,
"ಅದಕ್ಕೆ ದುಡ್ಡು ಬೇರೆ ಕೊಡುತ್ತಾರೆಯೇ?"
ಆಮೇಲೆ ಆ ದುಡ್ಡಲ್ಲಿ ತಂದ ಡಬ್ಬಿ ಮೀನನ್ನು
ಏನೂ ಹೇಳದೆ ತೆರೆದಳು.

ಡೆಲ್ಬರ್ಟನಿಗೆ ಹೇಳದ ಒಂದು ಮಾತಿದೆ.
ಎರಡು ವರ್ಷದಿಂದ ನನ್ನ ಕಣ್ಣಿನ ಮೂಲೆಯಲ್ಲಿ ಹುಟ್ಟಿ
ಮಾಂಸದ ತೆಳು ರೆಕ್ಕೆಯೊಂದು ಪಾಪೆಯತ್ತ ಬೆಳೆಯುತ್ತಿದೆ.
ಬಿಸಿಲು ಕುಡಿದ ಕಣ್ಣು, ಎಂದಳು ನರ್ಸ್ ರೊಟಿಯಾ,
ಕಪ್ಪು ಕನ್ನಡಕ ಮೂವತ್ತು ವರ್ಷ ಮೊದಲೇ ಹಾಕಬೇಕಿತ್ತಂತೆ.
ಕೊಯ್ಯಲು ದ್ವೀಪಕ್ಕೆ ಡಾಕ್ಟರು ಬರಬೇಕು. ಯಾವಾಗಲೋ.
ಬೆಳಿಗ್ಗೆ ಹೇಗೋ ಕಾಣುತ್ತದೆ. ಮಧ್ಯಾಹ್ನದ ನೀರು
ಒಂದೇ ತಗಡು.

ಮಧ್ಯಾಹ್ನವಾಯಿತು. ಒಂದೂ ಮೀನಿಲ್ಲ.
ಅವನ ಉಸಿರು ನನ್ನ ಬೆನ್ನಿಗೆ ತಾಗುತ್ತಿತ್ತು, ನಂಬಿಕೆಯ ಉಸಿರು,
ಸಹಿಸುವುದು ಕಷ್ಟ.
ಕೈ ತಾನಾಗಿ ಎದ್ದಿತು.
"ಹನ್ನೊಂದು ಗಂಟೆಗೆ, ಮೂವತ್ತು ಅಡಿ," ಎಂದೆ, ಏನೂ ಕಾಣದೆ.
"ಕಂಡೆ, ಕಂಡೆ!" ಎಂದ ಅವನು.
ಸುಳ್ಳಿಗೆ ಸುಳ್ಳೇ ಸಾಕ್ಷಿ.
ದಾರ ಅವನ ಹೆಗಲ ಮೇಲಿಂದ ಬಿಚ್ಚಿಕೊಂಡು ಹೋಗಿ
ಗರಿ ನೂಲು ಸುತ್ತಿದ ಸೀಗಡಿ ಸದ್ದಿಲ್ಲದೆ ಇಳಿಯಿತು.
ಎಳೆ, ಎಂದೆ. ನಿಲ್ಲಿಸು. ಎಳೆ.

ಇನ್ನೇನು ಹೇಳಲಿ. ರೀಲು ಕಿರುಚಿತು.
ನೂರು ಗಜ ದಾರ ಪ್ಯಾರಿಸಿನ ಕಡೆ ಓಡಿತು,
ಉಕ್ಕಿನ ಮಂಡಿಗಳ ಮೇಲೆ ಹಂಚಿನ ವ್ಯಾಪಾರಿ ಕುಣಿದ,
ನಾನು ಯಾರಿಗೆ ಕೈ ಮುಗಿಯಲಿ ಎಂದು ತಿಳಿಯದೆ
ಟೋಪಿ ಸರಿಮಾಡಿಕೊಂಡೆ.

ಬಿಡುವಾಗ ನಾನೇ ಹಿಡಿದೆ, ಹರಿವಿಗೆ ಮುಖ ಮಾಡಿಸಿ.
ತಣ್ಣನೆ ಮೈ. ಕಿವಿರು ಎರಡು ಸಲ ತೆರೆಯಿತು.
ಹೋದದ್ದು ಕೈಗೆ ಗೊತ್ತಾಯಿತು, ಅಷ್ಟೆ.

"ಎಂಥ ಕಣ್ಣಯ್ಯಾ ನಿನ್ನದು!" ಹೆಗಲು ತಟ್ಟಿದ ಡೆಲ್ಬರ್ಟ್.
ಹೌದು, ಎಂದೆ,
ದೋಣಿ ಎಲ್ಲಿ ಕಟ್ಟಿದ್ದೆವೆಂದು
ಅವನನ್ನೇ ಕೇಳುವುದು ಹೇಗೆಂದು ಯೋಚಿಸುತ್ತಾ.