ಬೀಡಿ ಲೆಕ್ಕದ ವಿಮರ್ಶೆ

ನಮ್ಮ ಬಜಾಲಿನಲ್ಲಿ ಸಿನಿಮಾಕ್ಕೆ ನಕ್ಷತ್ರ ಕೊಡುವ ಕ್ರಮ ಇಲ್ಲ,
ಬೀಡಿ ಎಣಿಸುತ್ತೇವೆ.
ಹೊಗೆಸೊಪ್ಪಿನ ಡಬ್ಬಕ್ಕೆ ಒಡೆದ ಮೊಬೈಲು ಒರಗಿಸಿ
ಜಗಲಿಯಲ್ಲಿ ಮೂವರು:
ನಾನು, ನಾದಿನಿ ಗುಲಾಬಿ, ಆಚೆಮನೆಯ ಮೈಮೂನ.
ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಎಲೆ, ನೂಲು, ಕತ್ತರಿ.
ಒಳ್ಳೆಯ ಸಿನಿಮಾ ಅಂದರೆ ಕೈ ನಿಲ್ಲಬೇಕು.
ಕೈ ನಿಂತರೆ ನಷ್ಟ.
ಹಾಗಾಗಿ ಒಳ್ಳೆಯದು ವಾರಕ್ಕೊಂದೇ ಸಾಕು ಮಾರಾಯ್ತಿ.

ಮಂಗಳವಾರದ್ದು ಫೈಟಿಂಗ್.
ಮುನ್ನೂರ ನಲವತ್ತು ಸುತ್ತಿದೆ, ತಲೆ ಎತ್ತಲಿಲ್ಲ.
ಕಿವಿಗೇ ಗೊತ್ತಾಗುತ್ತದೆ: ಗಾಜು, ಕಾರು, ಮತ್ತೆ ಗಾಜು,
ಆಮೇಲೆ ಅವನು ನಡೆದು ಬರುವುದಕ್ಕೊಂದು ಡೋಲು.
ಸತ್ತವರನ್ನು ಗುಲಾಬಿ ಎಣಿಸಿದಳು,
ಇಪ್ಪತ್ತೈದರ ಕಟ್ಟು ಕಟ್ಟುವ ಕೈ, ಲೆಕ್ಕ ತಪ್ಪುವುದಿಲ್ಲ:
"ಒಂದು ಕಟ್ಟು, ಮೇಲೆ ಹದಿನೈದು."
ಹೀರೋನ ಬಲ ಹೆಗಲಿಗೆ ಗುಂಡು ಬಿತ್ತು,
ಅದೇ ಕೈಯಲ್ಲಿ ಲಾರಿಯ ಬಾಗಿಲು ಕಿತ್ತ.
ನನ್ನ ಬಲ ಹೆಗಲು ಹನ್ನೊಂದು ವರ್ಷದಿಂದ ನೋಯುತ್ತದೆ,
ನನಗೆ ಯಾರೂ ಗುಂಡು ಹೊಡೆದದ್ದಿಲ್ಲ.
ಮತ್ತೆ ಆ ಗಾಜು!
ಅಷ್ಟು ದೊಡ್ಡ ಮಾಲು, ಗುಡಿಸುವ ಒಬ್ಬಳನ್ನೂ ತೋರಿಸಲಿಲ್ಲ.
ಗುಲಾಬಿಯ ಮಗಳು ಅಂಥದೇ ಮಾಲಿನಲ್ಲಿ ನೆಲ ಒರಸುತ್ತಾಳೆ,
ಅವಳು ನೋಡಿದ್ದರೆ ಹೀರೋನ ಕೈಗೆ ಹಿಡಿಸೂಡಿ ಕೊಡುತ್ತಿದ್ದಳು.

ಬುಧವಾರ ದೆವ್ವ.
ಬಿಳಿ ಸೀರೆ, ಬಿಚ್ಚಿದ ಕೂದಲು, ಕಿರ್ರೆನ್ನುವ ಬಾಗಿಲು.
ಎರಡು ಹನಿ ಎಣ್ಣೆ ಬಿಟ್ಟರೆ ಮುಗಿಯುವ ಕತೆ.
ನಮ್ಮಲ್ಲಿ ಭೂತಕ್ಕೆ ಒಂದು ಮರ್ಯಾದೆ ಉಂಟು:
ವರ್ಷಕ್ಕೊಮ್ಮೆ ಬರುತ್ತದೆ, ಎದುರು ನಿಲ್ಲಿಸುತ್ತದೆ,
ಗಡಿಯ ಕಲ್ಲು ಸರಿಸಿದ್ದು ಅಣ್ಣನೋ ತಮ್ಮನೋ ಎಂದು ಕೇಳುತ್ತದೆ.
ಇವಳು ಸತ್ತು, ಅಷ್ಟು ದೂರದಿಂದ ಬಂದು,
ನಡುರಾತ್ರಿ ಬರೀ ನಲ್ಲಿ ತಿರುಗಿಸಿದಳು.
"ನೀರಾದರೂ ಬಂತಲ್ಲ" ಅಂದಳು ಮೈಮೂನ.
ನಮ್ಮ ನಲ್ಲಿಯಲ್ಲಿ ಎರಡು ದಿನದಿಂದ ಗಾಳಿ.
ಇನ್ನೂರ ತೊಂಬತ್ತು ಬೀಡಿ.
ಆಕಳಿಸಿದಾಗ ಕೈ ತಪ್ಪಿದ್ದು ಬೇರೆ.

ಮೈಮೂನಳಿಗೆ ಇರುವುದು ಒಂದೇ ದೋಷ.
ಅವಳ ಅಳಿಯ ಎಲ್ಲವನ್ನೂ ಮೊದಲೇ ತೋರಿಸಿರುತ್ತಾನೆ.
ಅರ್ಧಕ್ಕೆ ಬಂದಾಗ, ನೂಲು ಕಚ್ಚಿ ತುಂಡು ಮಾಡುತ್ತ,
"ಆ ಡಾಕ್ಟರನೇ ಕೊಂದದ್ದು" ಅನ್ನುತ್ತಾಳೆ.
ಅಂದಿನಿಂದ ಜಗಲಿಗೊಂದು ಕಾನೂನು:
ಕೊನೆ ಹೇಳಿದವರು ಎಲ್ಲರಿಗೂ ಚಾ ಮಾಡಬೇಕು.

ಶುಕ್ರವಾರದ್ದನ್ನು ಅವಳೂ ನೋಡಿರಲಿಲ್ಲ.
ಸಾಧಾರಣ ಮನೆ. ಮಾತು ಕಡಿಮೆಯ ಗಂಡ,
ಉಂಡ ಬಟ್ಟಲು ತಾನೇ ತೊಳೆದಿಡುತ್ತಾನೆ.
"ಇವನೇ" ಅಂದಳು ಗುಲಾಬಿ, ಆಗಲೇ.
ಹೆಂಡತಿ ಬಾವಿಯ ಹಲಗೆ ಸರಿಸುತ್ತಾಳೆ.
ಸಂಗೀತ ಇಲ್ಲ.
ಹಗ್ಗ ಇಳಿಯುತ್ತದೆ, ರಾಟೆ ತಿರುಗುತ್ತದೆ,
ಕೊಡ ನೀರಿಗೆ ತಾಗುವ ಸದ್ದು ಬರುವುದಿಲ್ಲ.
ಬರುವುದೇ ಇಲ್ಲ.
ಮೊಬೈಲಿನ ಬಿರುಕು ಸರಿಯಾಗಿ ಅವಳ ಕುತ್ತಿಗೆಯ ಮೇಲಿತ್ತು,
ಒರಸಲೆಂದು ಮೈಮೂನ ಕೈ ಚಾಚಿದಳು.
ಮಡಿಲಲ್ಲಿ ಎಲೆ ಒಣಗಿತು.
ಎಂಬತ್ತು ಬೀಡಿ, ಅಷ್ಟೆ.

ಶನಿವಾರ ಬ್ರಾಂಚಿನಲ್ಲಿ ಸಾಲು.
ಚೆಕ್ಕರ್ ದೂಮಣ್ಣ ಕಟ್ಟು ಬಿಚ್ಚುತ್ತಾನೆ,
ಬೆರಳಲ್ಲಿ ಹೊರಳಿಸುತ್ತಾನೆ, ಬೆಳಕಿಗೆ ಹಿಡಿಯುತ್ತಾನೆ,
ಮಾತಿಲ್ಲ.
ಇಪ್ಪತ್ತೆರಡು ವರ್ಷದಿಂದ ನೋಡುತ್ತಿರುವ ಥ್ರಿಲ್ಲರು ಇದು,
ಇದರ ಕೊನೆ ಮೈಮೂನಳೂ ಮೊದಲೇ ಹೇಳಲಾರಳು.
"ಇದೆಂತ ವಾರಿಜಕ್ಕ, ನಲವತ್ತಕ್ಕೆ ಬಾಯಿಯೇ ಮುಚ್ಚಿಲ್ಲ."
"ಅದು ಬಾವಿಯ ಸೀನು" ಅಂದೆ. "ನನ್ನದೂ ಮುಚ್ಚಿರಲಿಲ್ಲ."
ನಗಲಿಲ್ಲ. ಒಂದೊಂದಾಗಿ ನಲವತ್ತನ್ನೂ ಮುರಿದ.
ಅಂಥ ಸದ್ದು ಯಾವ ಸಿನಿಮಾದಲ್ಲೂ ಕೇಳಿದ್ದಿಲ್ಲ.
ಪಾಸ್‌ಬುಕ್ ದೂಡುವಾಗ ಮಾತ್ರ, ಸಣ್ಣ ದನಿಯಲ್ಲಿ,
ಸಿನಿಮಾದ ಹೆಸರು ಕೇಳಿದ.

ಮುಂದಿನ ಶನಿವಾರ ದೂಮಣ್ಣನ ಕಣ್ಣು ಕೆಂಪು.
ಹಿಂದಿನ ಕಿಟಕಿಯನ್ನು ಎರಡು ಸಲ ತಿರುಗಿ ನೋಡಿದ,
ಅಲ್ಲೊಂದು ಹಳೆಯ ಬಾವಿ ಉಂಟು.
ಎಣಿಸಿದ, ಮರೆತ, ಮತ್ತೆ ಎಣಿಸಿದ,
ಮೂರು ಸಾವಿರದ ನೂರಕ್ಕೆ
ಮೂರು ಸಾವಿರದ ಇನ್ನೂರೆಂದು ಬರೆದ.
ಗುಲಾಬಿ ನನ್ನ ಮುಖ ನೋಡಿದಳು.
ಮೈಮೂನ ಬಾಯಿ ತೆರೆದಳು,
ನಾನು ಅವಳ ಕಾಲು ಮೆಟ್ಟಿದೆ.

ಕೊನೆ ಹೇಳಿದವರು ಚಾ ಮಾಡಬೇಕು.