ಮ ಇಲ್ಲದ ಪೆಟ್ಟಿಗೆ

ನನಗೆ ಸೊನ್ನೆ ರೂಪಾಯಿಯ ಟಿಕೆಟ್ಟು,
ಪೆಟ್ಟಿಗೆಗೆ ಹದಿನೈದು.
"ಹಾಡಿದ್ರೂ ಲಗೇಜು ಲಗೇಜೇ ಅಮ್ಮ" ಅಂದ ಕಂಡಕ್ಟರು,
ಬೆಳಿಗ್ಗೆ ಎಂಟಕ್ಕೇ ನ್ಯಾಯವಂತ.
ಮಡಿಲಲ್ಲಿ ಹಾರ್ಮೋನಿಯಂ, ಅದರ ಮೇಲೆ ಟಿಫಿನ್ ಡಬ್ಬಿ,
ಡಬ್ಬಿಯ ಮೇಲೆ ಅರ್ಜಿಗಳ ಫೈಲು,
ಫೈಲಿನ ಮೇಲೆ ನನ್ನ ಗಲ್ಲ.

ಬಳೇಪೇಟೆಯಲ್ಲಿ ಅಂಗಡಿ ತೆಗೆಯುವ ಮೊದಲೇ ನಿಂತೆ.
ದಸ್ತಗೀರ್ ಸಾಬರು ಕನ್ನಡಕ ಹಣೆಗೇರಿಸಿ
ಪೆಟ್ಟಿಗೆಯ ಹೊಟ್ಟೆ ಬಿಚ್ಚಿದರು:
ಒಂದು ಸತ್ತ ಜಿರಲೆ, ಎರಡು ಕಡಲೆಬೀಜ,
ಯಾರದೋ ಹಾಲುಹಲ್ಲು.
(ಅಂಥೋಣಿಯದು. ಹೇಳಲಿಲ್ಲ.)
"ರೀಡು ಮುರಿದಿದೆ. ಪಾಲಿತಾಣದಿಂದ ಬರಬೇಕು.
ವಾರ ಆಗತ್ತೆ. ಇಟ್ಟು ಹೋಗಿ."
ಇಟ್ಟು ಹೋದರೆ ನಾಲ್ಕು ಗಂಟೆಗೆ ಏನು ಮಾಡಲಿ?
ಹೊತ್ತುಕೊಂಡೇ ಹೊರಟೆ.

ಸತ್ತಿರುವುದು ಒಂದೇ ಮನೆ. ನಮ್ಮ ಶ್ರುತಿಗೆ ಅದು ಮಧ್ಯಮ.
ಶ್ರುತಿ ಬದಲಿಸಿ ನೋಡಿದ್ದೇನೆ:
ಆಗ ಪಂಚಮಕ್ಕೆ ಬಾಯಿ ಕಟ್ಟುತ್ತದೆ, ಇಲ್ಲವೇ ಗಾಂಧಾರಕ್ಕೆ.
ಎಲ್ಲಿಂದ ಶುರು ಮಾಡಿದರೂ
ಯಾರಾದರೊಬ್ಬರು ಸುಮ್ಮನಿರಲೇಬೇಕಾದ ಲೆಕ್ಕ.

ಹನ್ನೊಂದಕ್ಕೆ ಶಿಕ್ಷಣಾಧಿಕಾರಿಗಳ ಕಚೇರಿ.
"ಸಾಹೇಬರು ಮೀಟಿಂಗಲ್ಲಿ" ಎಂಬ ಪಲ್ಲವಿ.
ಗುಮಾಸ್ತೆ ನಂಜಮ್ಮಣ್ಣಿ ನನ್ನ ನಮೂನೆ ತಿರುವಿ
ಖಾಲಿ ಬಿಟ್ಟ ಎಂಟನೇ ಕಲಮಿಗೆ ಬೆರಳಿಟ್ಟಳು:
ಫಲಾನುಭವಿಗಳು, ಫಲಿತಾಂಶ, ಅಂಕಿಗಳಲ್ಲಿ.
"ಸಂಗೀತಕ್ಕೆ ಏಳೇ ಅಂಕಿ" ಅಂದೆ.
ನಗಲಿಲ್ಲ. "ತುಂಬಿ ತನ್ನಿ."
ಆಮೇಲೆ, ಸ್ಟೇಪ್ಲರ್ ಹುಡುಕುತ್ತಾ,
"ನಮ್ಮ ಹುಡುಗೀನೂ ವೀಣೆ ಬಿಟ್ಬಿಟ್ಳು, ಟ್ಯೂಷನ್ನಿಗೆ"
ಎಂದಳು, ನನಗಲ್ಲ, ಸ್ಟೇಪ್ಲರಿಗೆ.

ರೆಸಿಡೆನ್ಸಿ ರಸ್ತೆ, ಒಂಬತ್ತನೇ ಮಹಡಿ, ದಾನ ಕೊಡುವ ಕಂಪನಿ.
ಗೇಟಿನಲ್ಲಿ ಸೆಕ್ಯೂರಿಟಿಯವನು ಪೆಟ್ಟಿಗೆ ತೆರೆಸಿ
ಒಂದು ಮನೆ ಒತ್ತಿದ,
ಅಷ್ಟು ಮನೆಗಳಲ್ಲಿ ಅದನ್ನೇ.
"ಇದು ಕೂಗ್ತಾ ಇಲ್ಲ ಮೇಡಂ."
ಮೇಲೆ, ಏಸಿಯ ಚಳಿಯಲ್ಲಿ, ಚಂದದ ಹುಡುಗ ಕೇಳಿದ:
ಎರಡು ನಿಮಿಷದ ವಿಡಿಯೋ ಸಿಗಬಹುದಾ,
ಮಕ್ಕಳು ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ?
ಮೊದಲೂ ಜಗಳವಾಡುತ್ತಿದ್ದರು. ಈಗ ತಾಳದಲ್ಲಿ ಆಡುತ್ತಾರೆ.
ಅದನ್ನು ಹೇಳದೆ ಬಿಸ್ಕತ್ತು ತಿಂದೆ.
ನಾಚಿಕೆ ಬಿಟ್ಟು ಪ್ಯಾಕೆಟ್ಟುಗಳನ್ನೇ ಕೇಳಿದೆ,
ಮೂವತ್ತೊಂದು ಬೇಕಿತ್ತು.

ಗೌರಿಪಾಳ್ಯ, ಅಂಗನವಾಡಿಯ ಹಿಂದಿನ ಕೋಣೆ, ನಾಲ್ಕು ಗಂಟೆ.
ಐದಕ್ಕೆ ನೀರಿನ ಟ್ಯಾಂಕರು. ಅದರ ಹಾರ್ನು ಪಂಚಮ,
ಮುಬೀನಾ ಪತ್ತೆ ಹಚ್ಚಿದ್ದು;
ಆ ಪಂಚಮ ಕೇಳಿದರೆ ಇಡೀ ತರಗತಿ ಬಿಂದಿಗೆ ಹಿಡಿದು ಓಡುತ್ತದೆ.
ಅಷ್ಟರೊಳಗೆ ಸರಳೆ ಮುಗಿಸಬೇಕು.

ಸ ರಿ ಗ
ಎಂದು ಹತ್ತಿ ಬಂದವು ದನಿಗಳು, ಪೆಟ್ಟಿಗೆಯೂ ಜೊತೆಗೆ,
ನಾಲ್ಕನೆಯ ಮೆಟ್ಟಿಲಲ್ಲಿ ಬರೀ ಗಾಳಿ ಬುಸ್ಸೆಂದಿತು.
ಮಕ್ಕಳೂ ನಿಂತರು. ಉಸಿರು ಹಿಡಿದು, ಒಂದು ಮಾತ್ರೆ.
ಆಮೇಲೆ ಪ ದ ನಿ.
"ಮ ಎಲ್ರೋ?"
"ಅದು ಭೀಮವ್ವಂದು ಮಿಸ್."

ಹೌದು. ರೀಡು ಮುರಿದ ದಿನದಿಂದ ಆ ಮನೆ ಅವಳದು.
ಯಾದಗಿರಿಯ ಹುಡುಗಿ, ಮರಳ ರಾಶಿಯ ಮೇಲೆ ಬೆಳೆದ ಗಂಟಲು,
ಮಧ್ಯಮವನ್ನು ಮೊಳೆ ಹೊಡೆದಂತೆ ಹೊಡೆಯುತ್ತಿದ್ದಳು.
"ಅವರ ಬಿಲ್ಡಿಂಗ್ ಮುಗೀತು ಮಿಸ್. ಬೆಳಿಗ್ಗೆ ಲಾರೀಲಿ ಹೋದ್ರು.
ಸರ್ಜಾಪುರ ಅಂತೆ."
"ಸರಿ, ನೀವ್ಯಾರಾದ್ರೂ ಹಾಡಿ."
ಮೂವತ್ತು ಮಕ್ಕಳು ಸ ರಿ ಗ ಎಂದರು, ನನ್ನನ್ನೇ ನೋಡುತ್ತಾ,
ಮತ್ತೆ ಅಲ್ಲೇ ಜಾಗ ಬಿಟ್ಟರು,
ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿಟ್ಟ ಹಾಗೆ.
ಬೈಯಬೇಕಿತ್ತು. ಟ್ಯಾಂಕರ್ ಬಂತು.

ಒಂದು ಬಿಸ್ಕತ್ತು ಉಳಿಯಿತು.

ರಾತ್ರಿ ಎಂಟರ ಬಸ್ಸು. ಮತ್ತೆ ಹದಿನೈದು ರೂಪಾಯಿ.
ದಸ್ತಗೀರ್ ಸಾಬರ ಫೋನು:
"ಹಳೇ ಪೆಟ್ಟಿಗೇಲಿ ರೀಡು ಸಿಕ್ತು, ನಾಳೆ ತನ್ನಿ."
ಆತುರವಿಲ್ಲ ಎಂದುಬಿಟ್ಟೆ.
ಎರಡು ತಿಂಗಳಿಂದ ಅವರ ಜೀವ ತಿಂದವಳು ನಾನು.
ಕುಲುಕಾಟದಲ್ಲೇ ಎಂಟನೇ ಕಲಮಿನಲ್ಲಿ
ಮೂವತ್ತೊಂದು ಎಂದು ಬರೆದೆ, ಸೊಟ್ಟಗೆ.
ಮೈಸೂರು ರಸ್ತೆಯ ಹಂಪಿಗೆ ಬಸ್ಸು ನೆಗೆದಾಗ
ಪೆಟ್ಟಿಗೆ ತಾನಾಗಿ ಒಮ್ಮೆ ಉಸಿರು ಬಿಟ್ಟಿತು.

"ಸರ್ಜಾಪುರಕ್ಕೆ ಮೊದಲ ಬಸ್ಸು ಎಷ್ಟೊತ್ತಿಗೆ?"
ಕಂಡಕ್ಟರು ಪೆಟ್ಟಿಗೆ ನೋಡಿದ.
"ಇದೂ ಬರತ್ತಾ?"