ದಮ್ಮು

ಶಿಡ್ಲಘಟ್ಟದ ಬಸ್ಸಿನಲ್ಲಿ ಕಿಟಕಿ ಪಕ್ಕ ಅಮ್ಮಿ,
ಕಿಟಕಿ ಪೂರಾ ತೆರೆದರೂ ಸಾಲದು ಗಾಳಿ.
ನನಗೆ ಹತ್ತು ವರ್ಷ, ಐದನೇ ಕ್ಲಾಸು.
ಶಾಲೆ ಬಿಡಿಸಿದ್ದು ನನಗೆ ಜ್ವರವೆಂದಲ್ಲ,
ಕನ್ನಡ ಬರುತ್ತದೆಂದು.

ಹನ್ನೆರಡಕ್ಕೇ ಬೋಗುಣಿಯ ಮುಂದೆ ಕೂತವಳು,
ಕುದಿನೀರಲ್ಲಿ ಗೂಡು ಮುಳುಗಿಸಿ
ಕಣ್ಣಿಗೆ ಸಿಗದ ಎಳೆಯ ತುದಿಯನ್ನು
ಬೆರಳಲ್ಲಿ ಹುಡುಕಿ
ಚರಕಕ್ಕೆ ಕೊಟ್ಟವಳು.
ಬೆಂದ ಹುಳದ ಆವಿ ಅವಳ ದುಪಟ್ಟಾದಲ್ಲಿ,
ಅನ್ನದಲ್ಲಿ, ನನ್ನ ಜಡೆಯಲ್ಲಿ.
ನಾವದನ್ನು ವಾಸನೆ ಅಂತಿರಲಿಲ್ಲ,
ಶನಿವಾರದ ಬಟವಾಡೆ ಅಂತಿದ್ದೆವು.

ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆ.
ಚೀಟಿಗೊಂದು ಸಾಲು,
ನಮ್ಮದು ಯಾವ ಸಾಲೆಂದು ಕೇಳಲು ಇನ್ನೊಂದು.
ಡಾಕ್ಟರು ಎಳೆಯರು, ಕಡಲ ಕಡೆಯ ಕನ್ನಡ.
ನನ್ನದು ಪಾಠದ ಪುಸ್ತಕದ್ದು.
ಎಷ್ಟು ದಿನದಿಂದ, ಅಂದರು.
ನೀನು ಹೊಟ್ಟೇಲಿದ್ದಾಗಿಂದ ಅನ್ನು, ಅಂದಳು ಅಮ್ಮಿ.
ಹಾಗನ್ನಲು ನಾಚಿಕೆ ನನಗೆ.
ಒಂದು ವಾರ ಸಾರ್, ಅಂದೆ.

ಮನೆಯಲ್ಲಿ ಬೀಡಿ ಸೇದುವವರಿದ್ದಾರಾ?
ಒಲೆ ಸೇದುತ್ತೆ, ನಾನು ಬಿಡ್ತೀನಿ,
ಅಂದು ನಕ್ಕಳು, ನಗು ಕೆಮ್ಮಾಯಿತು.
ಇಲ್ಲ ಸಾರ್, ಅಂದೆ.
ರಾತ್ರಿ ಮಲಗಿದರೆ ಎದೆ ಮೇಲೆ
ನಿನ್ನ ದಾದಿ ಬಂದು ಕೂರುತ್ತಾಳೆ,
ಸತ್ತ ದಿನದ ಅದೇ ಸೀರೆಯಲ್ಲಿ.
ಇದಕ್ಕೆ ನನ್ನ ಪುಸ್ತಕದಲ್ಲಿ ಪಾಠವಿರಲಿಲ್ಲ.
ನಿದ್ದೆ ಬರಲ್ಲವಂತೆ, ಅಂದೆ.

ಒಂದು ವಾರದ ಕೆಮ್ಮಿಗೆ
ಒಂದು ವಾರದ ಸಿರಪ್ಪು ಬರೆದರು.

ಬಾಗಿಲ ತನಕ ಹೋದವಳು ತಿರುಗಿ
ಎದೆ ಮುಟ್ಟಿಕೊಂಡು, ನನ್ನನ್ನು ನೋಡದೆ,
ಒಂದೇ ಮಾತು: ದಮ್.
ಡಾಕ್ಟರು ತಲೆ ಎತ್ತಿದರು: ದಮ್ಮಾ?
ಅದಕ್ಕೆ ನಾನು ಬೇಕಿರಲಿಲ್ಲ.
ನಮ್ಮ ಓಣಿಯಲ್ಲಿ ಏನೋ ಅದೇ
ಅವರ ಅಜ್ಜಿಯ ಬಾಯಲ್ಲೂ.
ಆಗ ಏರಿತು ಕಿವಿಗೆ ಸ್ಟೆತಸ್ಕೋಪು,
ಆಗ ಕೇಳಿತು ಅವರಿಗೆ
ಬೆನ್ನೊಳಗೆ ತಿರುಗುವ ಚರಕ.

ಕಾರ್ಡಿದ್ದರೆ ಪರೀಕ್ಷೆಗಳೆಲ್ಲ ಬಿಟ್ಟಿ, ಮಾಡಿಸಿಕೊಳ್ಳಿ ಅಂದರು.
ಕಾರ್ಡಿನ ಹುಡುಗ ಹೆಬ್ಬೆರಳು ಇಡಿ ಅಂದ.
ಕೆಂಪು ದೀಪ.
ಒರೆಸಿ ಇಡಿ. ಕೆಂಪು.
ಎಡಗೈ. ಒತ್ತಿ. ಮೆಲ್ಲಗೆ. ಇನ್ನೊಂದು ಬೆರಳು.
ಹತ್ತೂ ಮುಗಿದವು,
ಮೆಷಿನ್ನಿಗೆ ಅಮ್ಮಿ ಕಾಣಲಿಲ್ಲ.
ಕಣ್ಣು ನೋಡುವ ಮೆಷಿನ್ನು ರಿಪೇರಿಗೆ ಹೋಗಿತ್ತು.
ಗೆರೆಗಳೇ ಇಲ್ಲವಲ್ಲ, ಎಲ್ಲಿ ಹೋದವು?
ಹುಡುಗ ಕೇಳಿದ್ದು ಸಿಟ್ಟಿಂದಲ್ಲ.
ಸೀರೆಗೆ ಹೋದವು ಅನ್ನು, ಅಂದಳು.
ಆ ದಿನವೆಲ್ಲ
ಅದೊಂದನ್ನೇ ನಾನು ಇದ್ದ ಹಾಗೆ ಹೇಳಿದ್ದು.

ಸೇದುವ ಮದ್ದಿನ ಪಂಪು ಕೊಂಡೆವು, ಮುಂಗಡ ಕೇಳಿ.
ಅದು ಈಗ ಬಿಚ್ಚಾಣಿಕೆ ಮನೆಯ ಮೊಳೆಗೆ ನೇತುಬಿದ್ದಿದೆ:
ಅಮ್ಮಿ, ಮುಬೀನಾ ಖಾಲಾ, ಗಂಗರತ್ನಮ್ಮ,
ಮೊನ್ನೆಯಿಂದ ಗಂಗರತ್ನಮ್ಮನ ಸೊಸೆ.
ಗೋಡೆ ಮೇಲೆ ಇದ್ದಿಲ ಗೀಟು,
ಯಾರು ಎಷ್ಟು ಎಳೆದರೆಂದು.
ಯಾರೂ ಜಗಳವಾಡಿಲ್ಲ, ಇಲ್ಲಿಯವರೆಗೆ.

ನಾನೀಗ ಪಿಯುಸಿ. ಓಣಿಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ
ನನ್ನನ್ನೇ ಕರೆಯುತ್ತಾರೆ, ಬಸ್ಸಿನ ದುಡ್ಡು ಅವರದ್ದು.
ಎಷ್ಟು ದಿನದಿಂದ, ಅನ್ನುತ್ತಾರೆ ಹೊಸ ಡಾಕ್ಟರು, ಪೆನ್ನು ಹಿಡಿದು.
ನಾನು ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು
ಹೊಟ್ಟೆಯಿಂದ ಶುರುಮಾಡುತ್ತೇನೆ.